ಬೆನ್ನ ಮೇಲೊಂದು ಹೆಜ್ಜೆ

“ಇದೇನ್ರೀ, ಕಂಬಳಿ ನೇಯೋ ಮಗ್ಗನಾ? ನನ್ನ ಬೆನ್ನು ರಿಪೇರಿ ಮಾಡ್ತೀರೋ, ಇಲ್ಲಾ ನನ್ನನ್ನೇ ನೇಯ್ದು ಹಾಕ್ತೀರೋ?”

ಶಿಕಾರಿಪುರದ ನಮ್ಮ ಫಿಸಿಯೋಥೆರಪಿ ಕ್ಲಿನಿಕ್ಕಿನ ಹಿಂಬದಿಯ ಕೋಣೆಯ ಬಾಗಿಲಲ್ಲಿ, ಗೋಡೆಗೆ ಕೈಯೂರಿಕೊಂಡು ನಿಂತು ಹೇಮಂತ್ ನನಗೆ ಹೇಳಿದ ಮೊದಲ ಮಾತು ಇದು. ಅವನ ಬೆರಳು ತೋರಿಸುತ್ತಿದ್ದದ್ದು ಹೊಸದಾಗಿ ಬಂದಿದ್ದ ರಿಫಾರ್ಮರ್ ಎಂಬ ವ್ಯಾಯಾಮದ ಯಂತ್ರದ ಕಡೆಗೆ. ಮರದ ಚೌಕಟ್ಟು, ಹಿಂದೆ ಮುಂದೆ ಜಾರುವ ಹಾಸಿಗೆ, ಸ್ಪ್ರಿಂಗು, ಹಗ್ಗ. ನಿಜ ಹೇಳಬೇಕೆಂದರೆ ಮಗ್ಗದ ಹಾಗೆಯೇ ಇತ್ತು.

“ಪಿಲಾಟಿಸ್ ಅನ್ನೋ ವ್ಯಾಯಾಮ ಮಾಡೋದು ಮಾರಾಯ್ರೇ. ಮಲಗಿ, ಹಗ್ಗ ಹಿಡ್ಕೊಳ್ಳಿ, ಸಾಕು.”

“ಹಗ್ಗ ನಂಬೋ ಕಾಲ ಹೋತ್ರಿ. ಹಗ್ಗನೇ ನನ್ನ ಈ ಗತಿಗೆ ತಂದಿದ್ದು.”

ಅವನು ಆನವಟ್ಟಿಯವನು. ಪೈಪು, ಪಂಪ್‌ಸೆಟ್ಟಿನ ಅಂಗಡಿ. ದೀಪಾವಳಿ ಕಳೆದ ಮೇಲೆ ನಮ್ಮ ಸೀಮೆಯಲ್ಲಿ ಹೋರಿಗಳನ್ನು ಜನರ ನಡುವೆ ಓಡಿಸುವ ‘ಹೋರಿ ಬೆದರಿಸುವ ಹಬ್ಬ’ ನಡೆಯುತ್ತದಲ್ಲ, ಅಲ್ಲಿ ಕೊಬ್ಬರಿ ಸರ ಕಟ್ಟಿದ ತನ್ನ ಹೋರಿಯ ಹಗ್ಗವನ್ನು ಬಿಡಬೇಕಾದಾಗ ಬಿಡದೆ, ಅದು ಎಳೆದಲ್ಲಿಗೆ ಹೋಗಿ ಬಿದ್ದಿದ್ದ. ಸೊಂಟದ ಡಿಸ್ಕ್ ಉಬ್ಬಿ ನರವನ್ನು ಒತ್ತುತ್ತಿತ್ತು. ಎಡಗಾಲಿನುದ್ದಕ್ಕೂ ಉರಿ. ಆ ಕಾಲಿನ ಹೆಬ್ಬೆರಳು ಎತ್ತಲು ಬರುತ್ತಿರಲಿಲ್ಲ.

“ಬೇಸಿಗೆ ಶುರುವಾಗೋವರೆಗೆ ವ್ಯಾಯಾಮ ಮಾಡ್ಸಿ ನೋಡಿ. ಬೆರಳಿಗೆ ಬಲ ಬಾರದಿದ್ರೆ ಆಪರೇಷನ್ನೇ ಗತಿ,” ಎಂದು ಶಿವಮೊಗ್ಗದ ಸರ್ಜನ್ ಹೇಳಿ ಕಳಿಸಿದ್ದರು.

ಹೀಗೆ ಒಬ್ಬ ಮನುಷ್ಯನ ಹೆಬ್ಬೆರಳು ನನ್ನ ಜೀವದ ಚಿಂತೆಯಾಯಿತು.

ಉಳವಿಯಲ್ಲಿ ನನ್ನಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ಗಾಯಗೊಂಡ ರಾಜಕುಮಾರ ಯಾವತ್ತೂ ನೋವು ಅನ್ನುವುದಿಲ್ಲ. ಅವನ ಕುದುರೆ ಬಂದು ರಾಜಕುಮಾರಿಗೆ ಹೇಳಬೇಕು. ಚಿಕ್ಕವಳಿದ್ದಾಗ ಅದೆಷ್ಟು ಚೆಂದ ಅನಿಸುತ್ತಿತ್ತು! ಫಿಸಿಯೋಥೆರಪಿ ಓದಿದ ಮೇಲೆ ಆ ರಾಜಕುಮಾರರ ಮೇಲೆಲ್ಲ ಸಿಟ್ಟು ಬಂದಿದೆ.

ಮೊದಲು ಫಿಸಿಯೋ. ನರದ ಬಿಗಿ ಸಡಿಲಿಸುವುದು, ಬೋರಲು ಮಲಗಿಸಿ ಮೊಣಕೈ ಮೇಲೆ ಎದೆ ಎತ್ತಿಸುವುದು. ಆಮೇಲೆ ‘ಮಗ್ಗ’. ಅತಿ ಹಗುರದ ಸ್ಪ್ರಿಂಗಿಗೆ ಪಾದ ಒತ್ತಿ, ಹೊಟ್ಟೆಯನ್ನು ಮೆಲ್ಲಗೆ ಒಳಗೆ ಹಿಡಿದು, ಉಸಿರಿನ ಜೊತೆ ಜಾರುವುದು.

“ಉಸಿರು ಬಿಡಿ.”

“ಬಿಟ್ಟೆ.”

“ಇಲ್ಲ, ಹಿಡ್ಕೊಂಡೇ ಇದೀರಿ. ಪಕ್ಕೆಲುಬು ಕೆಳಗಿಳೀಲಿಲ್ಲ.”

“ನೀವು ಹಂಗೆ ನೋಡ್ತಾ ನಿಂತ್ರೆ ಅದು ಹೆಂಗ್ರೀ ಇಳೀತದೆ?”

ನಾನು ಸ್ಪ್ರಿಂಗಿನ ಕೊಕ್ಕೆಯನ್ನು ಸುಮ್ಮನೆ ಬಿಚ್ಚಿ ಮತ್ತೆ ಹಾಕಿದೆ. ಅವನು ಮೇಲ್ಛಾವಣಿ ನೋಡುತ್ತಾ ನಕ್ಕ. ನಗುವಾಗ ಅವನ ಎಡಗೆನ್ನೆಯಲ್ಲಿ ಒಂದು ಸಣ್ಣ ಗೆರೆ ಬೀಳುತ್ತದೆ. ಅದನ್ನು ನೋಡಬಾರದು ಎಂದು ನಾನು ಪ್ರತಿಸಲವೂ ಗೋಡೆಯ ಗಡಿಯಾರ ನೋಡುತ್ತಿದ್ದೆ. ಸಮಯ ಎಷ್ಟಾಗಿದೆ ಎಂದು ಮಾತ್ರ ಒಂದು ದಿನವೂ ತಿಳಿಯಲಿಲ್ಲ.

“ನೋವು ಹೇಗಿದೆ?” ಎಂದು ಕೇಳಿದರೆ ಮೊದಲೆರಡು ದಿನ ಬಿಟ್ಟು ಯಾವಾಗಲೂ ಒಂದೇ ಉತ್ತರ. “ಆರಾಮ್ ರೀ.”

ಆರಾಮ್ ಅಂದಾಗ ನನ್ನ ಎದೆ ಹಗುರ. ಬೆರಳು ಪರೀಕ್ಷೆ ಮಾಡುವಾಗ ಮತ್ತೆ ಭಾರ. ನನ್ನ ಕೈ ಕೆಳಗೆ ಅದು ಕೊಂಚ ಮಿಸುಕಿದಂತಾಗುತ್ತಿತ್ತು. ಅದು ಅವನ ಬಲವೋ ನನ್ನ ಆಸೆಯೋ? ಬಸ್ಸಿನಲ್ಲಿ, ಊಟದ ತಟ್ಟೆಯ ಮುಂದೆ, ತಲೆ ಬಾಚುವಾಗ ಅದೇ ಯೋಚನೆ. ನಾನು ತಪ್ಪು ಮಾಡುತ್ತಿದ್ದರೆ? ನನ್ನ ಕಣ್ಣಿಗೆ ಬೇರೇನೋ ಕವಿದು, ಕಾಣಬೇಕಾದದ್ದು ಕಾಣದೇ ಹೋದರೆ?

ಕ್ಲಿನಿಕ್ಕಿನ ಒಡತಿ ಸರ್ವಮಂಗಳ ಮೇಡಂ ಒಂದು ದಿನ ಕನ್ನಡಕದ ಮೇಲಿಂದ ನೋಡಿದರು. “ತೃಪ್ತಿ, ವ್ಯಾಯಾಮ ಮಾಡೋದು ಅವನು, ಕೆಂಪಾಗೋದು ನೀನು. ಏನೇ ಇದು?”

“ಸೆಖೆ ಮೇಡಂ.”

“ಪುಷ್ಯ ಮಾಸದಾಗೆ ಸೆಖೆ! ಅವನು ಪೇಶೆಂಟು ಕಣೇ. ಕೈ ಅವನ ಬೆನ್ನಿನ ಮೇಲಿರೋವಾಗ ಮನಸ್ಸು ಬೇರೆ ಕಡೆ ಇರಬಾರದು. ಹಂಗೇನಾದ್ರೂ ಇದ್ರೆ ಅವನ ಚಿಕಿತ್ಸೆ ನನಗೆ ಒಪ್ಪಿಸು. ತಡ ಮಾಡಬೇಡ.”

ಒಪ್ಪಿಸಬೇಕು ಎಂದು ಗೊತ್ತಿತ್ತು. ನಾಳೆ ಒಪ್ಪಿಸೋಣ ಎನ್ನುವಷ್ಟರಲ್ಲಿ ಅವನು ಬರುವುದನ್ನೇ ನಿಲ್ಲಿಸಿಬಿಟ್ಟ.

ಒಂದು ವಾರ ಹೋಯಿತು. ಇನ್ನೊಂದೂ ಹೋಯಿತು. ಫೋನ್ ಮಾಡಿದರೆ ಎತ್ತುವುದಿಲ್ಲ. ‘ಊರಲ್ಲಿ ಕೆಲಸ ಐತ್ರಿ’ ಎಂದು ಒಂದು ಮೆಸೇಜು, ಅಷ್ಟೆ. ಬೇರೆಯವರ ಮಂಡಿಗೆ ಐಸ್ ಇಡುತ್ತಾ ಬಾಗಿಲ ಕಡೆ ನೋಡುವುದು ನನಗೆ ರೂಢಿಯಾಯಿತು. ಬಿಸಿಲು ಆಗಲೇ ಚುರುಗುಟ್ಟಲು ಶುರುವಾಗಿತ್ತು.

ಶನಿವಾರ ಸಂಜೆ ಕೊನೆಗೂ ಫೋನ್ ಎತ್ತಿದರು. ಅವನಲ್ಲ, ಅವನ ತಾಯಿ ರಾಧಮ್ಮ.

“ಯಾರು, ಮಗ್ಗದ ಡಾಕ್ಟ್ರೇನವ್ವ? ನಿಮ್ಮ ಮುಂದೆ ಆರಾಮ್ ಅಂತಿದ್ದ, ಅಲ್ಲ? ಇಲ್ಲಿ ಚಪ್ಲಿ ಹಾಕ್ಕೊಳ್ಳಾಕೂ ಬಗ್ಗಾಕಾಗವಲ್ದು. ಸೊಂಟ ಹಿಡ್ಕೊಂಡು ಕುಂತಾನ. ನಾಳೆ ಮುಂಜಾನೆ ಬಂಗಾರಪ್ಪ ಬರ್ತಾನ, ತುಳಿಸ್ತೀನಿ.”

“ತುಳಿಸೋದಾ?”

“ಕಾಲು ಮುಂದಾಗಿ ಹುಟ್ಟಿದಾಂವ ನೋಡವ್ವ ಬಂಗಾರಪ್ಪ. ಅಂಥೋರು ಬೆನ್ನು ತುಳಿದ್ರ ಎಂಥಾ ಹಿಡಕೊಂಡಿದ್ರೂ ಬಿಡ್ತೈತಿ.”

ಬೇಡ ಅನ್ನುವಷ್ಟರಲ್ಲಿ ಕುಕ್ಕರ್ ಕೂಗಿತು, ಫೋನ್ ಕಟ್ಟಾಯಿತು. ಮತ್ತೆ ಹತ್ತಲಿಲ್ಲ.

ಬೆಳಗಿನ ಮೊದಲ ಬಸ್ಸು ಹಿಡಿದೆ. ಶಿರಾಳಕೊಪ್ಪದಲ್ಲಿ ಅದು ನಿಂತೇ ನಿಂತಿತು. ಡ್ರೈವರ್ ಇಳಿದು ಮಂಡಕ್ಕಿ ತಿನ್ನುತ್ತಿದ್ದ. ನನ್ನ ಕಣ್ಣ ಮುಂದೆ ಉಬ್ಬಿದ ಡಿಸ್ಕು, ಅದರ ಪಕ್ಕದ ನೂಲಿನಂಥ ನರ, ಅದರ ಮೇಲೆ ಎತ್ತಿದ ಒಂದು ದೊಡ್ಡ ಹಿಮ್ಮಡಿ. “ಅಣ್ಣಾ, ಹೊರಡ್ರೀ, ಕೈ ಮುಗೀತೀನಿ,” ಎಂದೆ. “ಯಾಕವ್ವ, ಹೆರಿಗೆನಾ?” ಎಂದು ಕೇಳಿ, ನನ್ನ ಮುಖ ನೋಡಿ ನಗು ನುಂಗಿಕೊಂಡು ಹತ್ತಿದ.

ಆನವಟ್ಟಿಯಲ್ಲಿ ಇಳಿದು ಓಡಿದೆ.

ನಡುಮನೆಯಲ್ಲಿ ಚಾಪೆಯ ಮೇಲೆ ಹೇಮಂತ್ ಬೋರಲಾಗಿ ಮಲಗಿದ್ದ. ಅರಿಶಿನದ ನೀರಲ್ಲಿ ಕಾಲು ತೊಳೆದುಕೊಂಡು, ಪಂಚೆ ಎತ್ತಿ ಕಟ್ಟಿ, ಬಂಗಾರಪ್ಪ ಸಿದ್ಧನಾಗಿ ನಿಂತಿದ್ದ. ನಮ್ಮ ರಿಫಾರ್ಮರಿನ ಎಲ್ಲಾ ಸ್ಪ್ರಿಂಗೂ ಸೇರಿದರೂ ಆ ಕಾಲಿಗೆ ಸಮನಲ್ಲ.

“ನಿಲ್ಲಿ!”

ಕಾಲು ಗಾಳಿಯಲ್ಲೇ ನಿಂತಿತು. “ಯಾರಿಕಿ?” ಎಂದ ಬಂಗಾರಪ್ಪ. “ಈ ಕಾಲಿಂದ ಎಷ್ಟು ಸೊಂಟ ನೆಟ್ಟಗಾಗ್ಯಾವ ಗೊತ್ತೇನು?”

“ಇದು ಉಳುಕಲ್ಲ ಅಣ್ಣಾ, ಡಿಸ್ಕು. ತುಳಿದರೆ ಕಾಲೇ ಹೋಗಬಹುದು!”

“ನಿಮ್ಮ ಮಗ್ಗದಾಗ ಮಲಗಿಸಿ ಏನು ಮಾಡಿದ್ರವ್ವ?” ರಾಧಮ್ಮ ನನ್ನ ಕಡೆ ತಿರುಗಿದರು. “ಇರಾಂವ ಒಬ್ಬ ಮಗ. ರಾತ್ರಿ ಮಗ್ಗಲು ಬದಲ್ಸಾಗ ಹಲ್ಲು ಕಚ್ಚೋ ಸಪ್ಪಳ ನನಗ ಕೇಳ್ತೈತಿ. ಏನಾರ ಮಾಡಬೇಕಲ್ಲ ನಾನು?”

ಎಕ್ಸ್-ರೇ, ಎಂಆರ್‌ಐ ಎಲ್ಲಾ ಆ ತಾಯಿಗೆ ಆ ಹೊತ್ತಿನಲ್ಲಿ ಬರಿಯ ಮಾತು. ಕಥೆ ಕೇಳಿ ಬೆಳೆದ ನನ್ನ ನಾಲಿಗೆ ನನ್ನನ್ನು ಕೇಳದೇ ಹೊರಳಿತು.

“ನಾನೇ ತುಳೀತೀನಮ್ಮ. ನಾನೂ ಕಾಲು ಮುಂದಾಗಿಯೇ ಹುಟ್ಟಿದೋಳು.”

ಚಾಪೆಯ ಮೇಲಿನ ತಲೆ ಥಟ್ಟನೆ ಇತ್ತ ತಿರುಗಿತು. ಬಂಗಾರಪ್ಪ ಹುಬ್ಬು ಗಂಟಿಕ್ಕಿದ. ರಾಧಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಅರಿಶಿನದ ನೀರಿನ ಚೊಂಬನ್ನು ನನ್ನ ಕೈಗೆ ಕೊಟ್ಟರು. “ತೊಳ್ಕೊ ಹಂಗಾರ. ಬಂಗಾರಪ್ಪಾ, ನೀನು ಬಾ, ಚಾ ಕುಡಿಯಂತಿ.”

ಅವರು ಒಳಗೆ ಹೋದರು. ನನ್ನ ಒದ್ದೆ ಪಾದ ಅವನ ಬೆನ್ನ ಮೇಲೆ, ಅಂಗಿಯ ಬಟ್ಟೆಗೆ ತಾಗಿಯೂ ತಾಗದಂತೆ ಇಳಿಯಿತು. ಭಾರವೆಲ್ಲ ನನ್ನ ಇನ್ನೊಂದು ಕಾಲಿನ ಮೇಲೆ.

“ಈಗ ನಿಜ ಹೇಳಿ. ಎಲ್ಲಿ ನೋವು? ಸುಳ್ಳು ಹೇಳಿದ್ರೆ ಜೋರಾಗಿ ತುಳೀತೀನಿ.”

“ತುಳೀರಿ.”

“ಹೇಮಂತ್!”

ಅವನು ಚಾಪೆಯ ಅಂಚನ್ನು ಹಿಡಿದುಕೊಂಡ. “ಸೊಂಟದಾಗೆ ರೀ. ಮೊದಲಿಗಿಂತ ಜೋರು. ಅಲ್ಲೇ ಒಂದು ಗೂಟ ಹೊಡದಂಗೆ.”

“ಪಾದದಲ್ಲಿ?”

“ಅಲ್ಲಿಲ್ಲ.”

“ಮೀನಖಂಡ? ತೊಡೆ?”

“ಇಲ್ರೀ. ಕಾಲಿನ ಉರಿ ಒಂದೊಂದೇ ಕಡೆ ಬಿಟ್ಟು ಮ್ಯಾಲೆ ಬಂದು ಬಂದು, ಎಲ್ಲಾ ಸೊಂಟಕ್ಕೆ ಕುಂತ್ಬಿಟ್ಟೈತಿ.”

ನಾನು ಕಾಲು ತೆಗೆದು ಅವನ ಪಕ್ಕ ನೆಲದ ಮೇಲೇ ಕುಸಿದೆ. ನಗು ಬಂತು, ಅದರ ಹಿಂದೆಯೇ ಅಳು.

“ಅದೇ ಒಳ್ಳೇ ಲಕ್ಷಣ ಮಾರಾಯ್ರೇ! ನರದ ಮೇಲಿನ ಒತ್ತಡ ಕಮ್ಮಿ ಆಗೋವಾಗ ನೋವು ಕಾಲು ಬಿಟ್ಟು ಸೊಂಟಕ್ಕೆ ಬರುತ್ತೆ. ಸ್ವಲ್ಪ ದಿನ ಸೊಂಟ ಜಾಸ್ತಿನೇ ನೋಯುತ್ತೆ. ಮೊದಲ ದಿನವೇ ಹೇಳಿದ್ದೆನಲ್ಲ?”

“ಮೊದಲ ದಿನ ನನಗೆ ಕೇಳಿಸಿದ್ದು ಬರೀ ನಿಮ್ಮ ದನಿ ರೀ. ಮಾತು ಯಾವುದೂ ಒಳಗೆ ಇಳೀಲಿಲ್ಲ.”

“ಮತ್ತೆ ಆರಾಮ್ ಅಂತ ಯಾಕೆ ಹೇಳ್ತಿದ್ರಿ?”

“ನೋವು ಅಂದ ದಿನ ನಿಮ್ಮ ಮುಖ ಬಾಡ್ತಿತ್ತು. ನನ್ನ ಸೊಂಟ ಹೆಂಗೋ ತಡ್ಕೊಳ್ತದೆ, ಅದನ್ನ ತಡ್ಕೊಳ್ಳಾಕೆ ಆಗ್ಲಿಲ್ಲ. ಕಡೆಗೆ ಸುಳ್ಳು ಹೇಳಾಕೂ ಆಗದಷ್ಟು ನೋವಾತು. ಹೇಳಿದ್ರೆ ನಿಮ್ಮ ಹೆಸರು ಕೆಡ್ತದೆ ಅಂತ ಬರೋದೇ ಬಿಟ್ಟೆ.”

ಅಜ್ಜಿಯ ರಾಜಕುಮಾರರ ಮೇಲಿನ ಸಿಟ್ಟೆಲ್ಲ ಒಟ್ಟಿಗೆ ಬಂತು. ಬೈಯುವುದನ್ನು ಆಮೇಲಕ್ಕಿಟ್ಟೆ. ಮೆಲ್ಲಗೆ ಮಗ್ಗುಲಾಗಿಸಿ ಕೂರಿಸಿ, ಅವನ ಹೆಬ್ಬೆರಳ ಮೇಲೆ ನನ್ನ ಬೆರಳಿಟ್ಟೆ.

“ಎತ್ತಿ.”

ಎತ್ತಿದ. ನಾನು ಒತ್ತಿದೆ. ಅದು ಬಗ್ಗಲಿಲ್ಲ. ಇನ್ನೂ ಒತ್ತಿದೆ. ಹಠಮಾರಿ ಕರುವಿನ ಹಾಗೆ ನನ್ನ ಕೈಯನ್ನೇ ಮೇಲಕ್ಕೆ ತಳ್ಳಿತು. ಈ ಸಲ ಅದು ನನ್ನ ಆಸೆಯಲ್ಲ, ಅವನದೇ ಬಲ.

“ಸರ್ಜನ್ ಒಂದು ಸಲ ನೋಡಲಿ,” ಎಂದೆ ಕಣ್ಣೊರೆಸಿಕೊಂಡು. “ಆದ್ರೆ ಆಪರೇಷನ್ ಬೇಡ ಅಂತಾರೆ ಅನ್ನಿಸುತ್ತೆ. ಸೋಮವಾರದಿಂದ ಮತ್ತೆ ಬನ್ನಿ, ಸರ್ವಮಂಗಳ ಮೇಡಂ ಹತ್ರ. ನಾನು ಮಾಡ್ಸಲ್ಲ.”

ಅವನ ಮುಖ ಇಳಿಯಿತು. “ತಪ್ಪಾತ್ರಿ. ಇನ್ನು ಮೇಲೆ ಎಲ್ಲಾ ಹೇಳ್ತೀನಿ. ಬ್ಯಾರೆಯವರಿಗೆ ಕೊಡಬ್ಯಾಡ್ರಿ.”

“ನಿಮ್ಮ ನೋವು ಕೇಳಿ ಮುಖ ಬಾಡೋಳು ನಿಮ್ಮ ಡಾಕ್ಟ್ರಾಗಿ ಇರಬಾರದು.”

“ಮತ್ತೆ ಏನಾಗಿ ಇರಬೌದು?”

ನಾನು ಗಡಿಯಾರ ಹುಡುಕಿದೆ. ಆ ಗೋಡೆಯಲ್ಲಿ ಗಡಿಯಾರವೇ ಇರಲಿಲ್ಲ. ನೋಡಲು ಬೇರೇನೂ ಇಲ್ಲದೆ ಅವನನ್ನೇ ನೋಡಿದೆ. ಕೆನ್ನೆಯ ಗೆರೆ ಇನ್ನೂ ಬಿದ್ದಿರಲಿಲ್ಲ, ನನ್ನ ಮಾತಿಗಾಗಿ ಕಾಯುತ್ತಿತ್ತು.

“ಅದನ್ನ ಯೋಚನೆ ಮಾಡಿಯೇ ನಿಮ್ಮ ಡಾಕ್ಟರಿಕೆ ಬಿಡ್ತಿರೋದು ಮಾರಾಯ್ರೇ,” ಎಂದೆ. ಗೆರೆ ಬಿತ್ತು.

ಹೊರಡುವಾಗ ರಾಧಮ್ಮ ಅಂಗಳದವರೆಗೂ ಬಂದರು. ಹೇಮಂತ್ ಬೇಡ ಅಂದರೂ ಕೇಳದೆ, ನೆಟ್ಟಗೆ, ನಿಧಾನವಾಗಿ ನನ್ನ ಪಕ್ಕ ನಡೆದು ಬಂದಿದ್ದ. ಸುಳ್ಳು ಹೊತ್ತುಕೊಂಡು ಬಸ್ಸು ಹತ್ತಲು ನನಗೆ ಮನಸ್ಸಾಗಲಿಲ್ಲ.

“ಅಮ್ಮಾ, ಒಂದು ಮಾತು. ನಾನು ಆಗ ಹೇಳಿದ್ದು...”

“ಗೊತ್ತೈತಿ ಬಿಡವ್ವ.” ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. “ಕಾಲು ಮುಂದಾಗಿ ಹುಟ್ಟಿದೋರು ಯಾರಾರ ಹಂಗ ಹೂವಿನ ಮ್ಯಾಲೆ ಇಟ್ಟಂಗ ಕಾಲಿಡ್ತಾರೇನು? ಅಡಿಗಿ ಮನಿ ಬಾಗ್ಲಿಂದ ನೋಡ್ಕೋತ ಇದ್ದೆ.”

ನಾನು ತಲೆ ತಗ್ಗಿಸಿ ಚಪ್ಪಲಿ ಹಾಕಿಕೊಂಡೆ.

“ನೀ ಹೆಂಗರ ಹುಟ್ಟು,” ಎಂದರು ನನ್ನ ಗಲ್ಲ ಹಿಡಿದು. “ಈ ಹೊಸ್ತಿಲು ತುಳಿಯೋ ದಿವ್ಸ ಬಲಗಾಲು ಮುಂದಿಟ್ಟು ಬಾ, ಸಾಕು.”

ಅಂಗಳದಾಚೆಯ ರಸ್ತೆಗೆ ಶಿರಾಳಕೊಪ್ಪದ ಬಸ್ಸು ಬಂತು, ಹಾರ್ನ್ ಹೊಡೆಯಿತು, ಹೋಯಿತು. ನಿಲ್ಲಿಸಲು ನಾವಿಬ್ಬರೂ ಕೈ ಎತ್ತಲಿಲ್ಲ.