ಅಪ್ಪ ತುಂಬಿಸಿದ ಔಷಧಿ ಕಪಾಟು

“ನನ್ನ ಕನ್ನಡಿ ಎಲ್ಲಿ ಹೋತ್ರಿ?”

ಐದು ತಿಂಗಳ ಬಾಣಂತನ ಮುಗಿಸಿ, ಕೂಸನ್ನು ಎತ್ತಿಕೊಂಡು ಗಂಡನ ಮನೆ ಹೊಕ್ಕ ಭಾಗ್ಯಜ್ಯೋತಿಯ ಮೊದಲ ಮಾತೇ ಇದು! ಹೇಗಿದ್ದೀರಿ ಇಲ್ಲ, ಉಂಡಿರಾ ಇಲ್ಲ.

ಆಲಮಟ್ಟಿ ಕ್ವಾರ್ಟರ್ಸಿನ ಆ ಗೋಡೆಗೆ ಅವಳದೊಂದು ಪುಟ್ಟ ಕಪಾಟು ಇತ್ತು. ಬಾಗಿಲಿಗೆ ಕನ್ನಡಿ, ಒಳಗೆ ಬಳೆ, ಕುಂಕುಮ, ಹೇರ್‌ಪಿನ್ನು. ಮದುವೆಯಾದ ಹೊಸತರಲ್ಲಿ ಸಂಜೀವಕುಮಾರನೇ ಬಡಗಿಯ ಬೆನ್ನುಹತ್ತಿ ಮಾಡಿಸಿಕೊಟ್ಟದ್ದು. ಈಗ ಕನ್ನಡಿಯ ಜಾಗದಲ್ಲಿ ಹಲಗೆ ಬಾಗಿಲು, ಅದಕ್ಕೊಂದು ಕೀಲಿ!

“ಕನ್ನಡಿ ಟ್ರಂಕಿನ ಮ್ಯಾಲ ಐತಿ. ಇದು... ಕೂಸಿನ ಔಷಧಿ ಕಪಾಟು ಮಾಡೇನಿ,” ಎಂದ ಸಂಜೀವಕುಮಾರ. ಕಾಲುವೆ ಆಫೀಸಿನಲ್ಲಿ ಹತ್ತು ಜನರಿಗೆ ಕೇಳುವಂತೆ ಕೂಗುವ ಇಂಜಿನಿಯರ್ ಸಾಹೇಬರು, ಹೆಂಡತಿಯ ಮುಂದೆ ಮಾತು ನುಂಗುತ್ತಿದ್ದರು.

ಅವನು ಕೀಲಿ ತೆಗೆದ. ಗ್ರೈಪ್ ವಾಟರ್ ಬಾಟಲಿ ನಾಲ್ಕು. ಜ್ವರದ ಹನಿ, ಮೂಗಿನ ಹನಿ, ಹತ್ತಿಯ ಉಂಡೆ, ಓಆರ್‌ಎಸ್ ಪಾಕೀಟುಗಳ ಗಂಟು. ಥರ್ಮಾಮೀಟರ್ ಕೂಡ ಎರಡು!

ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು.

“ಔಷಧಿ ಅಂಗಡಿ ಇಟ್ಟೀರೇನ್ರಿ? ಮಗಳನ್ನ ಒಮ್ಮೆ ಎತ್ಕೊಂಡಿಲ್ಲ, ಮನಿ ತುಂಬ ಬಾಟ್ಲಿ!”

ಅವಳ ಸಿಟ್ಟು ಇಂದಿನದಲ್ಲ. ಹೆಸರಿಡುವ ದಿನ ಅವಳ ತವರು ಮೋರಟಗಿಗೆ ಬಂದ ಗಂಡ ಗಂಡಸರ ಪಂಕ್ತಿಯಲ್ಲಿ ಉಂಡು ಹೋದ. ಒಂದೂವರೆ ತಿಂಗಳಿಗೆ ಇನ್ನೊಮ್ಮೆ ಬಂದ. ಅವಳು ಎರೆದುಕೊಂಡು ಒದ್ದೆಗೂದಲಲ್ಲಿ ಓಡಿಬರುವಷ್ಟರಲ್ಲಿ ಹೊರಟೇ ಹೋಗಿದ್ದ! ಆಮೇಲೆ ಪತ್ತೆಯೇ ಇಲ್ಲ. ‘ಹೆಣ್ಣು ಹುಟ್ಟೇತಿ, ಅದಕ್ಕ ಬರವಲ್ಲ’ ಎಂದು ಓಣಿಯ ಹೆಂಗಸರು ಆಡಿಕೊಂಡದ್ದು ಅವಳ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು.

“ಹೆಣ್ಣು ಅಂತ ಬರಲಿಲ್ಲ, ಹೌದಿಲ್ಲೋ? ನೆಟ್ಟಗ ಹೇಳ್ರಿ!”

“ಜ್ಯೋತಿ, ಹಂಗಲ್ಲ...”

“ಮತ್ತ ಹೆಂಗ? ಅನಿಲ ಇನ್ನೂ ಸ್ಟ್ಯಾಂಡಿನ್ಯಾಗ ಬಸ್ಸು ಕಾಯಾಕತ್ತಾನ. ಅವನ ಜೋಡಿ ತಿರುಗಿ ಹೊಂಟೆ. ನೀವು, ನಿಮ್ಮ ಬಾಟ್ಲಿ, ಆರಾಮ ಇರ್ರಿ!”

ತಮ್ಮನನ್ನು ಹಿಡಿಯಲು ಅವಳು ಬಾಗಿಲಿಗೆ ಹೊರಟೇಬಿಟ್ಟಳು. ಅಷ್ಟರಲ್ಲಿ ಕೂಸು ಕಿರುಚಿ ಅಳತೊಡಗಿತು. ಕೆನ್ನೆ ಕೆಂಪು. ಕುತ್ತಿಗೆ ಮುಟ್ಟಿದ ಭಾಗ್ಯಜ್ಯೋತಿಯ ಕೈ ನಿಂತುಹೋಯಿತು.

“ಅಯ್ಯ... ಮೈ ಸುಡಾಕತ್ತೈತಿ!”

ಸಂಜೀವಕುಮಾರನ ಮುಖ ಬಿಳಿಚಿಕೊಂಡಿತು. ಥರ್ಮಾಮೀಟರ್ ತೆಗೆದು, ಝಾಡಿಸಿ, ಮಂಚದ ಅಂಚಿಗೆ ಇಟ್ಟು ಗೋಡೆಗೆ ಸರಿದು ನಿಂತ.

“ನೀನೇ ಇಡು.”

“ನನ್ನ ಕೈಯಾಗ ಕೂಸೈತಿ, ಕಾಣ್ಸಂಗಿಲ್ಲೇನು? ಬರ್ರಿ ಇಲ್ಲಿ!”

“ನಾ ಮುಟ್ಟಂಗಿಲ್ಲ.”

ಭಾಗ್ಯಜ್ಯೋತಿ ದಂಗಾದಳು. ಹೆತ್ತ ಅಪ್ಪ ಆಡುವ ಮಾತೇ ಇದು?

“ಮುಟ್ಟಂಗಿಲ್ಲ? ಯಾಕ?”

“ನಾ ಮುಟ್ಟಿದ್ರ ಅಕಿಗೆ ಆಗಿಬರಂಗಿಲ್ಲ!” ಮೊದಲ ಸಲ ಅವನ ದನಿಯೂ ಏರಿತು. “ಎರಡನೇ ಸಲ ಬಂದೆನಲ್ಲ, ಅವತ್ತ ಬಸ್ಸಿಳಿದಾಂವ ಕಾಲು ತೊಳಕೊಳ್ಳದನ ಒಳಗ ಬಂದೆ. ತಡಕೊಳ್ಳಾಕ ಆಗಲಿಲ್ಲ, ತೊಟ್ಟಲದಾಗಿಂದ ಎತ್ತಿದೆ. ಚಿಟ್ಟನ ಚೀರಿದ್ಲು. ಮೈ ಕಾದ ಹಂಚು! ಅತ್ತಿ ಕಸಗೊಂಡು ಅಂದ್ರು, ‘ಹೊರಗಿನ ಗಾಳಿ ತಂದು ಕೂಸಿನ ಮ್ಯಾಲ ಹಾಕಿದ್ರಿ. ಅಪ್ಪನ ಕೈ ಆಗಿಬರಲಿಲ್ಲ’ ಅಂತ.”

“ಇಂಜಿನಿಯರ್ ಓದಿದವರು ನೀವು!”

“ಅಕಿ ಚೀರಿದ್ದು ಕೇಳಿದ ಮ್ಯಾಲ ಯಾವ ಓದು ಉಳೀತೈತಿ?” ಅವನ ಕಣ್ಣು ಕಪಾಟಿನ ಕಡೆ ಹೊರಳಿತು. “ಸೂಟಿ ಸಿಕ್ಕಾಗೆಲ್ಲ ಮೋರಟಗಿಗಂತ ಹೊಂಡ್ತಿದ್ದೆ. ನಡುದಾರ್ಯಾಗ ಬಾಗೇವಾಡಿಗೆ ಬಂದ್ರ ಅಂಜಿಕಿ ಹತ್ತತಿತ್ತು. ಇಳಿದು ಔಷಧಿ ಅಂಗಡಿಗೆ ಹೋಗ್ತಿದ್ದೆ, ಕೂಸಿಗೆ ಏನರ ಕೊಡ್ರಿ ಅಂತಿದ್ದೆ, ತಿರುಗಿ ಬರ್ತಿದ್ದೆ.”

ಭಾಗ್ಯಜ್ಯೋತಿ ಕಪಾಟನ್ನು ಮತ್ತೆ ನೋಡಿದಳು. ಒಂದೇ ಔಷಧಿ ನಾಲ್ಕು ಸಲ ಯಾಕೆ ಬಂದಿತ್ತೆಂದು ಈಗ ತಿಳಿಯಿತು. ಅವನು ಅಷ್ಟು ಸಲ ಅವಳ ಕಡೆ ಹೊರಟಿದ್ದ! ಆದರೆ ಅವಳು ಅತ್ತು ಸುಮ್ಮನಾಗುವ ಪೈಕಿಯಲ್ಲ.

“ಅವತ್ತ ಮುಂಜಾನಿ ನರ್ಸಬಾಯಿ ಅಕಿ ತೊಡಿಗೆ ಲಸಿಕಿ ಸೂಜಿ ಹಾಕಿ ಹೋಗಿದ್ಲು! ಜ್ವರ ಬರ್ತೈತಿ ಅಂತ ಹೇಳೇ ಹೋಗಿದ್ಲು. ನೋವಿದ್ದ ತೊಡಿ ಹಿಡಿದು ಎತ್ತಿದ್ರ ಚೀರದ ನಗ್ತಾಳೇನು?”

ಸಂಜೀವಕುಮಾರ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ.

“ನಮ್ಮವ್ವಗ ಆಮ್ಯಾಲ ಕೇಳ್ತೇನಿ, ಬಿಡಂಗಿಲ್ಲ! ಆದ್ರ ನೀವು? ಅವ್ವನ ಮಾತು ನಂಬಿದ್ರಿ, ನನ್ನ ಒಂದ್ ಮಾತು ಕೇಳಲಿಲ್ಲ. ಕೂತ್ಕೊಳ್ರಿ ಮಂಚದ ಮ್ಯಾಲ. ಹಿಡೀರಿ!”

ತಲೆಯಿಂದ ಬೆನ್ನಿನವರೆಗೆ ಹೊದಿಸಿದ್ದ ಉಣ್ಣೆಯ ಕುಂಚಿಗೆ ಕಿತ್ತೆಸೆದು, ಕೂಸನ್ನು ಅವನ ತೊಡೆಗೆ ಹಾಕಿದಳು. ಥರ್ಮಾಮೀಟರ್ ಕಂಕುಳಲ್ಲಿ ಇಟ್ಟು, “ಅಲುಗಾಡಿಸಬ್ಯಾಡ್ರಿ, ತೋಳು ಒತ್ತಿ ಹಿಡೀರಿ,” ಎಂದಳು. ಅವನು ಉಸಿರು ಬಿಗಿಹಿಡಿದು ಮಗಳನ್ನು ಎದೆಗೆ ಒತ್ತಿಕೊಂಡ. ಕೂಸು ಬಿಕ್ಕಿತು, ಅವನ ಅಂಗಿಯ ಗುಂಡಿ ಹಿಡಿಯಿತು, ಮೆಲ್ಲಗೆ ಸುಮ್ಮನಾಯಿತು.

ಪಾದರಸ ಏರಿರಲಿಲ್ಲ.

“ಜ್ವರ ಇಲ್ಲ. ಬಸ್ಸಿನ ಸೆಕಿ, ಮ್ಯಾಲ ಉಣ್ಣೆ,” ಎಂದಳು ಭಾಗ್ಯಜ್ಯೋತಿ. “ನನ್ನ ಸಿಟ್ಟು ಇಳಿದೈತಿ ಅಂತ ತಿಳೀಬ್ಯಾಡ್ರಿ. ನನಗ ನೀವು ಬೇಕಾಗಿತ್ತು. ದಿನಾ ಬಾಗಿಲ ಕಡೆ ನೋಡ್ತಿದ್ದೆ.”

“ತಪ್ಪಾತು, ಜ್ಯೋತಿ. ನೀನಿಲ್ಲದ ಈ ಮನ್ಯಾಗ ನಾ ಮನುಷ್ಯಾ ಆಗಿ ಉಳಿದಿರಲಿಲ್ಲ.” ಅವನ ಕಣ್ಣಿಂದ ಹನಿಯೊಂದು ಕೂಸಿನ ಕೂದಲ ಮೇಲೆ ಬಿತ್ತು.

ಅವಳು ಪಕ್ಕದಲ್ಲಿ ಕುಳಿತು, ಸೆರಗಿನಿಂದ ಆ ಹನಿ ಒರೆಸಿದಳು. ಕೂಸಿಗೆ ನಿದ್ದೆ ಹತ್ತಿತ್ತು.

“ಬೆವರಾಕತ್ತೀರಿ. ಇಳಸ್ರಿ ಅಕಿನ್ನ.”

“ಎಚ್ಚರಾಗಿ ಅತ್ರ?”

“ಅತ್ರ ಅಳ್ಳಿ,” ಎಂದಳು ಅವನ ಭುಜಕ್ಕೆ ತಲೆಯಿಟ್ಟು. “ನಾ ಎಲ್ಲಿಗೂ ಹೋಗಂಗಿಲ್ಲ.”