ಇಲ್ಲಿ ಕೈ ಇಡಲಾ?

"ಇವತ್ತು ನಾನು ನಿಮ್ಮನ್ನ ಮುಟ್ಟಲ್ಲ."

ಕಣ್ಣಲ್ಲಿ ಕಣ್ಣಿಟ್ಟು ಹಾಗೆಂದವನನ್ನು ಅವಳು ಸುಮ್ಮನೆ ನೋಡಿದಳು. ಕೋಪ ಬರಬೇಕಿತ್ತು. ಬರಲಿಲ್ಲ.

ಬಂದದ್ದು ಪಕ್ಕದಲ್ಲಿ ಕೂತಿದ್ದ ಚಿಕ್ಕಮ್ಮನಿಗೆ!

"ಮುಟ್ಟದೆ ಇನ್ನೇನು ಮಂತ್ರ ಹಾಕ್ತೀರಾ? ಬಂದಾಗಿಂದ ಬರೀ ಪ್ರಶ್ನೆ. ಹೇಗೆ ಮಲಗ್ತೀರಿ, ಯಾವ ಕಾಲಿನ ಮೇಲೆ ಭಾರ ಹಾಕ್ತೀರಿ, ಎಲ್ಲಾದ್ರೂ ಬಿದ್ದಿದ್ರಾ... ಪೊಲೀಸರೂ ಇಷ್ಟು ಕೇಳಲ್ಲ! ನೀವೆಂಥಾ ಮೂಳೆ ಡಾಕ್ಟ್ರು?"

"ನಾನು ಮೂಳೆ ಡಾಕ್ಟ್ರಲ್ಲ ಅಮ್ಮಾ. ಆಸ್ಟಿಯೋಪಾತ್. ಕೈಯಿಂದಲೇ ಕೀಲು, ಸ್ನಾಯು ಸಡಿಲ ಮಾಡೋನು."

"ಅಳಿಯ ಅಲ್ಲ, ಮಗಳ ಗಂಡ!" ಚಿಕ್ಕಮ್ಮ ಗೊಣಗಿದಳು.

ಅವನು ನಕ್ಕ. ಆಮೇಲೆ ಅವಳ ಕಡೆ ತಿರುಗಿದ.

"ಬೆರಳಿಗೆ ಜೋಮು ಹಿಡಿದು ಬಿಡ್ತಾನೇ ಇಲ್ಲ ಅಂತೀರಿ. ನರ ಎಲ್ಲಿ ಒತ್ತಿಕೊಂಡಿದೆ ಅಂತ ಗೊತ್ತಾಗದೆ ನಾನು ಕುತ್ತಿಗೆಗೆ ಕೈ ಹಾಕಬಾರದು. ಮೊದಲು ಆಸ್ಪತ್ರೇಲಿ ನರದ ಡಾಕ್ಟ್ರಿಗೆ ತೋರಿಸಿ. ಅವರು ಪರವಾಗಿಲ್ಲ ಅಂದ್ರೆ ಬನ್ನಿ."

"ಸರಿ," ಅಂದಳು. ಈಚೆಗೆ ಎಲ್ಲದಕ್ಕೂ ಅವಳದು ಅದೊಂದೇ ಮಾತು.

ಅವಳು ಕೂದಲು ಕತ್ತರಿಸುವವಳು. ಬೀದಿಯ ಮೂಲೆಯಲ್ಲಿ ಪುಟ್ಟ ಅಂಗಡಿ, ಎರಡು ಕುರ್ಚಿ, ಒಂದು ಉದ್ದನೆಯ ಕನ್ನಡಿ. ಬೆಳಗ್ಗೆ ಎತ್ತಿದ ಕೈ ಇಳಿಸುವುದು ಸಂಜೆಗೇ. ಮನೆಗೆ ಹೋದರೆ ಹಾಸಿಗೆ ಹಿಡಿದಿದ್ದ ಅಮ್ಮ. ಎತ್ತಿ ಕೂರಿಸಬೇಕು, ಮಗ್ಗಲು ಬದಲಿಸಬೇಕು, ಸ್ನಾನ ಮಾಡಿಸಬೇಕು... ವರ್ಷಗಟ್ಟಲೆ ಮಾಡಿದಳು.

ಅಮ್ಮ ಹೋದ ದಿನ ಬಂದವರೆಲ್ಲ ಅತ್ತರು. ಅವಳು ಎಲ್ಲರಿಗೂ ಚಹಾ ಕೊಟ್ಟಳು. ಒಂದು ಹನಿ ಕಣ್ಣೀರು ಬರಲಿಲ್ಲ. "ಕಲ್ಲು ಮನಸ್ಸು," ಅಂದರು ಜನ. ಜನಕ್ಕೇನು, ಅತ್ತರೂ ಒಂದು ಮಾತು, ಅಳದಿದ್ದರೂ ಒಂದು ಮಾತು!

ಆಮೇಲೆ ಬಲಗೈಯ ಉಂಗುರ ಬೆರಳು, ಕಿರುಬೆರಳು ಎರಡೂ ಮರಗಟ್ಟಿದವು. ಕತ್ತರಿ ಜಾರತೊಡಗಿತು. ಮೊನ್ನೆ ಗಿರಾಕಿಯೊಬ್ಬರ ಕಿವಿಗೇ ತಾಗಿತ್ತು. ಕತ್ತರಿ ಹಿಡಿಯಲಾಗದಿದ್ದರೆ ಅಂಗಡಿ ಇಲ್ಲ. ಅಂಗಡಿ ಇಲ್ಲದಿದ್ದರೆ ತಾನು ಯಾರು? ಹೆದರಬೇಕಾದ ಮಾತು. ಅವಳಿಗೆ ಹೆದರಿಕೆಯೂ ಆಗಲಿಲ್ಲ.

ನರದ ಡಾಕ್ಟರು ಪರೀಕ್ಷೆ ಮಾಡಿ, ಆಪರೇಷನ್ ಬೇಕಿಲ್ಲ, ಆಸ್ಟಿಯೋಪತಿ ಮಾಡಿಸಬಹುದು ಎಂದರು. ಅವಳು ಮತ್ತೆ ಅವನ ಬಿಳಿ ಗೋಡೆಯ ಕೋಣೆಗೆ ಹೋದಳು. ಜೊತೆಗೆ ಚಿಕ್ಕಮ್ಮ, ಬಿಡುತ್ತಾಳೆಯೇ?

"ಏನೇನು ಆಗುತ್ತೆ ಅಂತ ಮೊದಲೇ ಹೇಳಿಬಿಡ್ತೀನಿ," ಅಂದ ಅವನು. "ಒತ್ತುತ್ತೀನಿ, ಎಳೀತೀನಿ, ಕೆಲವು ಸಲ ಸುಮ್ಮನೆ ಕೈ ಇಟ್ಟುಕೊಂಡು ಕೂತಿರ್ತೀನಿ. ಟಕ್ ಅಂತ ಶಬ್ದ ಬಂದ್ರೆ ಹೆದರಬೇಡಿ, ಏನೂ ಮುರಿದಿರಲ್ಲ. ನಾಳೆ ಮೈಕೈ ನೋಯಬಹುದು, ಒಂದೆರಡು ದಿನದಲ್ಲಿ ಹೋಗುತ್ತೆ. ಬೇಡ ಅನಿಸಿದ್ರೆ ಸಾಕು ಅನ್ನಿ. ಆ ಕ್ಷಣವೇ ನಿಲ್ಲಿಸ್ತೀನಿ."

"ವಾಸಿ ಆಗುತ್ತಾ?"

"ಮಾತು ಕೊಡಲ್ಲ. ಕೆಲವು ವಾರ ನೋಡೋಣ. ಗುಣ ಕಾಣದಿದ್ರೆ ನಾನೇ ಹೇಳ್ತೀನಿ, ಸುಮ್ಮನೆ ಓಡಾಡಿಸಲ್ಲ."

ಅವಳು ಚಿಕಿತ್ಸೆಯ ಮೇಜಿನ ಮೇಲೆ ಮಲಗಿದಳು. ಅವನು ಕೈ ತೊಳೆದು, ಉಜ್ಜಿ ಬೆಚ್ಚಗೆ ಮಾಡಿಕೊಂಡ.

"ಇಲ್ಲಿ ಕೈ ಇಡಲಾ?"

ಭುಜಕ್ಕೊಮ್ಮೆ ಕೇಳಿದ. ಬೆನ್ನಿಗೊಮ್ಮೆ ಕೇಳಿದ. ಕುತ್ತಿಗೆಗೆ ಮತ್ತೊಮ್ಮೆ. ಅವಳು 'ಹೂಂ' ಅನ್ನುವವರೆಗೂ ಕೈ ಗಾಳಿಯಲ್ಲೇ ಕಾಯುತ್ತಿತ್ತು.

ಚಿಕ್ಕಮ್ಮನಿಗೆ ಮಾತ್ರ ಭಾರೀ ನಿರಾಸೆ. "ಇಷ್ಟೇನಾ? ನಮ್ಮನೆ ಬೆಕ್ಕು ಇದಕ್ಕಿಂತ ಜೋರಾಗಿ ಒತ್ತುತ್ತೆ!" ಅಂದವಳು ಕುರ್ಚಿಯಲ್ಲೇ ಗೊರಕೆ ಹೊಡೆದಳು.

ವಾರ ವಾರ ಹೋದಳು. ಉಂಗುರ ಬೆರಳಿಗೆ ಕತ್ತರಿಯ ತಣ್ಣಗಿನ ಕಬ್ಬಿಣ ತಿಳಿಯತೊಡಗಿತು. ಇಡೀ ದಿನ ಊರವರ ತಲೆಯೆಲ್ಲ ನನ್ನ ಕೈಯಲ್ಲಿ... ಆದರೆ ನನ್ನನ್ನು ಕೇಳಿ ಮುಟ್ಟಿದವರು ಯಾರಿದ್ದಾರೆ? ಎಂದು ಅವಳಿಗೆ ಮೊದಲ ಸಲ ಅನಿಸಿತು.

ಒಂದು ದಿನ ಅವನ ಕೈ ಬಲಭುಜದ ಹಿಂದೆ ನಿಂತಿತು.

"ಇಲ್ಲಿ ತುಂಬಾ ಬಿಗಿ ಇದೆ. ಏನಾದ್ರೂ ಎತ್ತುತ್ತಿದ್ರಾ?"

"ಅಮ್ಮನ್ನ," ಅಂದಳು.

ಅಷ್ಟೇ. ಎಲ್ಲಿತ್ತೋ ಅಷ್ಟು ಅಳು! ಮೇಜು ಅಲುಗುವ ಹಾಗೆ ಬಿಕ್ಕಿದಳು.

"ನಿಲ್ಲಿಸಲಾ?"

"ಬೇಡ."

ಅವನು ಕೈ ತೆಗೆಯಲಿಲ್ಲ.

ಮುಂದಿನ ವಾರ, ಎಷ್ಟೋ ಕಾಲದ ಮೇಲೆ ಕನ್ನಡಿ ನೋಡಿ ತಲೆ ಬಾಚಿಕೊಂಡು ಹೋದಳು. ಅವನು ಬಾಗಿಲಲ್ಲೇ ನಿಂತಿದ್ದ. ಕಣ್ಣು ನೆಲದ ಮೇಲೆ.

"ಇನ್ಮೇಲೆ ನಾನು ನಿಮ್ಮನ್ನ ಮುಟ್ಟಲ್ಲ. ನಮ್ಮಕ್ಕನೂ ಇದೇ ಕೆಲಸ ಮಾಡೋದು, ಅವರು ನೋಡ್ತಾರೆ. ನನಗಿಂತ ಚೆನ್ನಾಗಿ ಮಾಡ್ತಾರೆ."

ಅತ್ತಿದ್ದಕ್ಕೆ! ಸಾಕಾಗಿ ಹೋಗಿದೆ ಇವರಿಗೆ ನನ್ನ ಸಹವಾಸ...

"ಸರಿ," ಅಂದು ತಿರುಗಿ ನಡೆದಳು.

ಆ ಅಕ್ಕನ ಹತ್ತಿರ ಅವಳು ಹೋಗಲಿಲ್ಲ. ಭುಜ ಮತ್ತೆ ಬಿಗಿಯಿತು. ಗಿರಾಕಿಗಳೊಂದಿಗೆ ಮಾತು ಕಡಿಮೆಯಾಯಿತು. ಆದರೆ ಹಳೆಯ ಜಡತನ ಮಾತ್ರ ಮರಳಿ ಬರಲೊಲ್ಲದು! ಈಗ ನೋಯುತ್ತಿತ್ತು. ಜೋಮು ಬಿಡುವಾಗ ಕಾಲು ನೋಯುವುದಿಲ್ಲವೇ, ಹಾಗೆ.

"ಅವರಿಗೇನು ಬಂತಂತೆ? ನಾನೇ ಹೋಗಿ ಕೇಳ್ತೀನಿ," ಅಂದಳು ಚಿಕ್ಕಮ್ಮ.

"ಬೇಡ ಚಿಕ್ಕಮ್ಮಾ."

ಬೇಡ ಅಂದರೆ ಕೇಳುವ ಜೀವವೇ ಅದು? ಹೋಗಿಯೇ ಹೋದಳು. ಏನು ಕೇಳಿದಳೋ, ಮಾರನೆಯ ಮಧ್ಯಾಹ್ನ ಅವನೇ ಅಂಗಡಿಯ ಬಾಗಿಲು ತಳ್ಳಿಕೊಂಡು ಬಂದ. ಕೂದಲು ಕಿವಿ ಮುಚ್ಚಿತ್ತು.

"ಬಂದ್ರಾ ಮೂಳೆ ಡಾಕ್ಟ್ರೇ!" ಅಂದಳು ಚಿಕ್ಕಮ್ಮ. ಈ ಸಲ ಅವನು ತಿದ್ದಲಿಲ್ಲ. ಬಂದು ಕುರ್ಚಿಯಲ್ಲಿ ಕೂತ.

ಅವಳು ಅವನ ಕೊರಳಿಗೆ ಬಟ್ಟೆ ಕಟ್ಟಿದಳು. "ಹೇಗೆ ಕತ್ತರಿಸಲಿ?"

"ಅಕ್ಕನ ಹತ್ರ ಯಾಕೆ ಹೋಗಲಿಲ್ಲ?"

"ಅತ್ತು ರಂಪ ಮಾಡೋರನ್ನೆಲ್ಲ ಹೀಗೇ ಅಕ್ಕನ ಹತ್ರ ಸಾಗಹಾಕ್ತೀರಾ?"

"ಅಯ್ಯೋ, ಹಾಗಲ್ಲ!" ಅವನು ಕನ್ನಡಿಯಲ್ಲಿ ಅವಳನ್ನೇ ನೋಡಿದ. "ಆ ಮೇಜಿನ ಮೇಲೆ ಅಳೋರು ಬೇಕಾದಷ್ಟು ಜನ. ಆದ್ರೆ ನೀವು ಅತ್ತಾಗ ನನ್ನ ಕೈ ನಡುಗಿತು. ಯಾವತ್ತೂ ಯಾರಿಗೂ ನಡುಗಿರಲಿಲ್ಲ. ಮನಸ್ಸಲ್ಲಿ ಪ್ರೀತಿ ಇಟ್ಕೊಂಡು, ಚಿಕಿತ್ಸೆ ಅಂತ ಮುಟ್ಟಿದ್ರೆ ಅದು ಮೋಸ. ಅದಕ್ಕೇ ಅಕ್ಕನಿಗೆ ಒಪ್ಪಿಸಿದೆ."

ಅವಳ ಕತ್ತರಿ ಗಾಳಿಯಲ್ಲೇ ನಿಂತಿತು.

"ಒಂದು ಮಾತು ಹೇಳಬಹುದಿತ್ತಲ್ಲ?"

"ನಂಬಿ ಬಂದ ಪೇಷೆಂಟಿಗೆ ಹೇಗೆ ಹೇಳ್ಲಿ? ಹೇಳಿದ್ರೆ ಎಲ್ಲಿ ಚಿಕಿತ್ಸೆನೇ ಬಿಟ್ಟುಬಿಡ್ತೀರೋ ಅಂತ ಹೆದರಿದೆ. ಹೇಳದೆ ಇದ್ದಿದ್ದಕ್ಕೂ ಬಿಟ್ರಿ..." ಅವನ ದನಿ ತಗ್ಗಿತು. "ನಿಮಗೆ ಇಷ್ಟ ಇಲ್ಲ ಅಂದ್ರೆ ಕೂದಲು ಕತ್ತರಿಸ್ಕೊಂಡು ಎದ್ದು ಹೋಗ್ತೀನಿ. ಆದ್ರೆ ಅಕ್ಕನ ಹತ್ರ ಹೋಗಿ. ನನ್ನ ಮೇಲಿನ ಸಿಟ್ಟಿಗೆ ಕೈ ಕಳ್ಕೋಬೇಡಿ."

ಮೂಲೆಯಲ್ಲಿ ಚಿಕ್ಕಮ್ಮನ ಗೊರಕೆ ಥಟ್ಟನೆ ಶುರುವಾಯಿತು. ಇಷ್ಟು ಹೊತ್ತು ಎಚ್ಚರವಿದ್ದವಳಿಗೆ ಅದೆಲ್ಲಿಯ ನಿದ್ದೆಯೋ!

ಅವಳು ಕತ್ತರಿ ಕೆಳಗಿಟ್ಟಳು. ಎದೆ ಹೊಡೆದುಕೊಳ್ಳುತ್ತಿತ್ತು. ಹೆದರಿಕೆ ಅಂದರೆ ಹೀಗಿರುತ್ತದೆ ಎಂಬುದೇ ಮರೆತುಹೋಗಿತ್ತು ಅವಳಿಗೆ.

"ನಾಳೆ ಹೋಗ್ತೀನಿ ಅಕ್ಕನ ಹತ್ರ," ಅಂದಳು.

"ಥ್ಯಾಂಕ್ಸ್..."

"ಈಗ ನಾನು ನಿಮ್ಮ ಪೇಷೆಂಟ್ ಅಲ್ಲ, ಅಲ್ವಾ?"

"ಅಲ್ಲ."

ಅವಳು ಬಲಗೈಯನ್ನು ಅವನ ಭುಜದ ಹತ್ತಿರ ತಂದಳು. ಮುಟ್ಟಲಿಲ್ಲ. ಕಾದಳು.

"ಇಲ್ಲಿ ಕೈ ಇಡಲಾ?"

"ಇಡಿ."

ಇಟ್ಟಳು. ಕಿರುಬೆರಳಿಗೆ ಇನ್ನೂ ಏನೂ ತಿಳಿಯಲಿಲ್ಲ. ಉಳಿದ ನಾಲ್ಕಕ್ಕೂ ತಿಳಿಯಿತು.

"ನಿಮ್ಮ ಕೈ ನಡುಗ್ತಿದೆ," ಅಂದ ಅವನು ಮೆಲ್ಲಗೆ. "ತೆಗೀತೀರಾ?"

"ಇಲ್ಲ."