ಸಣ್ಣ ದಾನಿಗಳು

ಇಂದುಮತಿ ಸವಣೂರ ತಾನು ಕಂಡುಹಿಡಿದ 'ಮೂಲದರ್ಶಕ'ವನ್ನು ಕಣ್ಣಿಗೆ ಹಿಡಿದಳು. ಗದಗದ ಬಸ್ ನಿಲ್ದಾಣದೆದುರು ನಿಂತಿದ್ದ ಚುನಾವಣಾ ಅಭ್ಯರ್ಥಿಯೊಬ್ಬನ ಕಟೌಟಿನ ಮೇಲೆ ಮೊದಲು 'ಜನಹಿತ ಪ್ರಚಾರ ಸಮಿತಿ' ಎಂಬ ಹೆಸರು ಮೂಡಿತು. ಅದರ ಹಿಂದೆ ಒಂದು ಟ್ರಸ್ಟು, ಅದರ ಹಿಂದೆ ಇನ್ನೊಂದು, ಕೊನೆಗೆ ಗಾರ್ಮೆಂಟ್ಸ್ ಕಾರ್ಖಾನೆಯ ಮಾಲೀಕ ವೀರಭದ್ರ ಹೊಂಬಾಳಿಯ ಹೆಸರು.

ಆ ಹೊತ್ತಿಗೆ ನೋಟುಗಳ ಕಾಲ ಮುಗಿದು ಎರಡು ದಶಕಗಳಾಗಿದ್ದವು. ಪ್ರತಿ ರೂಪಾಯಿಗೂ ಅಳಿಸಲಾಗದ ಗುರುತಿದ್ದು, ಅದು ದಾಟಿಬಂದ ಕೈಗಳೆಲ್ಲ ಅದರಲ್ಲೇ ದಾಖಲಾಗುತ್ತಿದ್ದವು. ಆ ದಾಖಲೆಯನ್ನು ಓದುವ ಈ ಉಪಕರಣವನ್ನು ಚುನಾವಣಾ ಕಚೇರಿ ಮನೆಮನೆಗೂ ಹಂಚಿತ್ತು. ಇನ್ನು ದೊಡ್ಡವರು ನಾಚಿಕೊಳ್ಳುತ್ತಾರೆಂದು ಇಂದುಮತಿ ನಂಬಿದ್ದಳು.

ಹೊಂಬಾಳಿ ನಾಚಿಕೊಳ್ಳಲಿಲ್ಲ. ಅವನೂ ಒಂದು ಮೂಲದರ್ಶಕ ಹಿಡಿದು, ತಾನು ಹಣ ಸುರಿದ ಅಭ್ಯರ್ಥಿಯ ಎದುರಾಳಿ ನೀಲಗಂಗಾ ಬಡಿಗೇರಳ ಪ್ರಚಾರದ ಆಟೋಗಳನ್ನು ನೋಡಿದ. ಆಸ್ಪತ್ರೆಯ ದಾದಿಯಾಗಿದ್ದ ಆಕೆಗೆ ನೂರು ಇನ್ನೂರು ಕೊಟ್ಟವರಲ್ಲಿ ಅವನ ಕಾರ್ಖಾನೆಯ ಹೆಂಗಸರೂ ಇದ್ದರು. ವಾರದೊಳಗೆ ಅವರೆಲ್ಲ ಕೆಲಸ ಕಳೆದುಕೊಂಡರು.

ಅವರಲ್ಲೊಬ್ಬಳಾದ ಹುಸೇನಬಿ ಇಂದುಮತಿಯ ಪ್ರಯೋಗಾಲಯಕ್ಕೆ ಬಂದಳು. ಕೂಗಾಡಲಿಲ್ಲ, ಕೊಟ್ಟ ಚಹಾ ಕುಡಿದಳು.

"ನನ್ನ ಹೆರಿಗಿ ಮಾಡಿಸಿದಾಕಿ ನೀಲಗಂಗಕ್ಕ. ಅದಕ್ಕ ನೂರ ರೂಪಾಯಿ ಕೊಟ್ಟಿನ್ರಿ, ಮೇಡಂ. ಸಾವಕಾರ್ರಿಗೆ ಕಾಣ್ಲಿ ಅಂತ ಕೊಟ್ಟಿದ್ದಿಲ್ಲ."

ಆ ಚುನಾವಣೆಯಲ್ಲಿ ನೀಲಗಂಗಾ ಸೋತಳು. ಸಾವಿರಕ್ಕಿಂತ ಕಡಿಮೆ ಕೊಟ್ಟವರ ಹೆಸರು ಮುಚ್ಚಬೇಕೆಂದು ಇಂದುಮತಿಯೇ ಕಚೇರಿಗಳಿಗೆ ಅಲೆದು ನಿಯಮ ಮಾಡಿಸಿದಳು. ಆ ಕಿಂಡಿಯಲ್ಲಿ ಯಾರು ನುಸುಳುತ್ತಾರೆಂಬುದು ಅವಳಿಗೆ ಗೊತ್ತಿತ್ತು. ಆದರೂ ಮಾಡಿಸಿದಳು.

ಮುಂದಿನ ಚುನಾವಣೆಯಲ್ಲಿ ಹೊಂಬಾಳಿಯ ಹೆಸರು ಎಲ್ಲೂ ಕಾಣಲಿಲ್ಲ. ಅವನು ಬೆಂಬಲಿಸಿದವರ ವೇದಿಕೆಗಳ ಮೇಲೆಲ್ಲ 'ಸಣ್ಣ ದಾನಿಗಳು' ಎಂದಷ್ಟೇ ಮೂಡುತ್ತಿತ್ತು. ಹುಸೇನಬಿಗೆ ಕೆಲಸ ಮರಳಿ ಸಿಕ್ಕಿತ್ತು. ಸಂಬಳದ ಜೊತೆಗೆ ಬಂದ ಒಂಬೈನೂರು ರೂಪಾಯಿ ಅದೇ ದಿನ ತನ್ನ ಹೆಸರಿನಲ್ಲಿ ಜನಹಿತ ಪ್ರಚಾರ ಸಮಿತಿಗೆ ಹೋಯಿತೆಂದು ಅವಳು ಫೋನಿನಲ್ಲಿ ಹೇಳಿದಳು.

"ಬ್ಯಾಡ ಅನ್ನಬಹುದಿತ್ತಲ್ಲ?" ಎಂದಳು ಇಂದುಮತಿ.

"ಅಂದ್ರ ಮತ್ತ ಮನ್ಯಾಗ ಕುಂಡರಬೇಕಲ್ರಿ."

ಇಂದುಮತಿ ಫೋನಿಟ್ಟಳು. ಹಣ ಎಲ್ಲಿಂದ ಬಂತೆಂದು ತೋರಿಸಲು ಅವಳಿಗೆ ಹನ್ನೊಂದು ವರ್ಷ ಹಿಡಿದಿತ್ತು. ಅಂಥ ಉಪಕರಣವಿಲ್ಲದ ಇಂದಿನ ನಮಗೂ ಅದು ಒಂದಿಷ್ಟು ಗೊತ್ತೇ ಇದೆ. ಗೊತ್ತಿದ್ದುದನ್ನು ಹೇಳಿದವರು ಮರುದಿನ ನಿಶ್ಚಿಂತೆಯಿಂದ ಕೆಲಸಕ್ಕೆ ಹೋಗುವಂತೆ ಮಾಡುವುದು ಮಾತ್ರ ಯಾವ ಪ್ರಯೋಗಾಲಯದ ಕೆಲಸವೂ ಅಲ್ಲ.